ಊರಿನ ಹೆಸರಲ್ಲಿ ಒಡೆದುಹೋದ ರಾಜ್ಯ: ಬಹಮನಿ ಇತಿಹಾಸದ ಒಂದು ಪಾಠ

ಪವಿತ್ರ ಕುರ್‌ಆನಿನ 49ನೆಯ ಅಧ್ಯಾಯವಾದ ಸೂರಃ ಅಲ್ ಹುಜುರಾತ್ ಕೇವಲ 18 ಸೂಕ್ತಗಳ ಪುಟ್ಟ ಅಧ್ಯಾಯ. ಅದರ 6ನೆಯ ಸೂಕ್ತವು, ನಂಬಿಕೆಗೆ ಅರ್ಹನಲ್ಲದವನು ತಂದ ಸುದ್ದಿಯನ್ನು ಪರಿಶೀಲಿಸದೆ ಒಪ್ಪಬಾರದೆಂದು ಆದೇಶಿಸುತ್ತದೆ. 9 ಮತ್ತು 10ನೆಯ ಸೂಕ್ತಗಳು, ಸತ್ಯವಿಶ್ವಾಸಿಗಳ ಎರಡು ಪಂಗಡಗಳು ಕಾದಾಡಿದರೆ ಅವರ ನಡುವೆ ನ್ಯಾಯದಿಂದ ಸಂಧಾನ ಮಾಡಿಸಬೇಕೆಂದು ವಿಧಿಸುತ್ತವೆ. 11ನೆಯದು ಒಂದು ಜನಸಮೂಹ ಇನ್ನೊಂದನ್ನು ಗೇಲಿ ಮಾಡುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ನಿಷೇಧಿಸುತ್ತದೆ. 12ನೆಯದು ಗುಮಾನಿ ಮತ್ತು ಪರನಿಂದೆಯನ್ನು. ಜನಾಂಗಗಳೂ ಗೋತ್ರಗಳೂ ಇರುವುದು ಪರಸ್ಪರ ಪರಿಚಯಕ್ಕಾಗಿ, ಹಿರಿಮೆಯಿರುವುದು ದೇವಭಯದಲ್ಲಿ ಎಂದು ಸಾರುವುದು 13ನೆಯ ಸೂಕ್ತ.

ಮೇಲ್ನೋಟಕ್ಕೆ ಇವು ಬಿಡಿಬಿಡಿಯಾದ ಉಪದೇಶಗಳಂತೆ ತೋರಬಹುದು. ಸುದ್ದಿಯ ಪರಿಶೀಲನೆಗೂ ಅಡ್ಡಹೆಸರಿಗೂ ಏನು ಸಂಬಂಧ? ಗೇಲಿಗೂ ಯುದ್ಧಕ್ಕೂ ಏನು ಸಂಬಂಧ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತಾ ದೂರ ಹೋಗಬೇಕಾಗಿಲ್ಲ. ಕಲಬುರಗಿ ಮತ್ತು ಬೀದರ್‌ಗಳನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ಬಹಮನಿ ರಾಜ್ಯದ ಕಥೆಯೇ ಸಾಕು. ಆ ರಾಜ್ಯವನ್ನು ಒಳಗಿನಿಂದ ಕೊರೆದದ್ದು ‘ನಾವು ಈ ಕಡೆಯವರು, ಅವರು ಆ ಕಡೆಯವರು’ ಎಂಬ ಒಂದು ಮಾತು.

ಎರಡು ಹೆಸರುಗಳು

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ದೆಹಲಿಯ ತುಘಲಕ್ ಆಳ್ವಿಕೆಯಿಂದ ಬೇರೆಯಾಗಿ ಈ ರಾಜ್ಯವನ್ನು ಸ್ಥಾಪಿಸಿದನು. ಅದಕ್ಕೆ ಸುಮಾರು 20 ವರ್ಷಗಳ ಹಿಂದೆ ಮುಹಮ್ಮದ್ ಬಿನ್ ತುಘಲಕನು ದೆಹಲಿಯ ಅನೇಕ ಕುಟುಂಬಗಳನ್ನು ದೌಲತಾಬಾದಿಗೆ ಕರೆತಂದು ನೆಲೆಗೊಳಿಸಿದ್ದನು. ಆ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಇಲ್ಲಿಯ ಮಣ್ಣಿನಲ್ಲಿ ಬೆಳೆದರು. ಇಲ್ಲಿಯೇ ಹುಟ್ಟಿ ಇಸ್ಲಾಮನ್ನು ಸ್ವೀಕರಿಸಿದವರೂ ಅವರೊಡನೆ ಸೇರಿದರು. ಇವರೇ ‘ದಖ್ಖನಿ’ಗಳೆನಿಸಿಕೊಂಡರು.

ದೆಹಲಿಯೊಡನೆ ನಂಟು ಕಡಿದುಹೋದ ಮೇಲೆ ಸುಲ್ತಾನರಿಗೆ ಉತ್ತರದಿಂದ ಸೈನಿಕರೂ ಆಡಳಿತಗಾರರೂ ದೊರೆಯುವುದು ಕಷ್ಟವಾಯಿತು. ಆಗ ಅವರ ದೃಷ್ಟಿ ಪಡುವಣ ಕಡಲಿನ ಕಡೆಗೆ ತಿರುಗಿತು. ಫಿರೋಜ್ ಷಾ ಬಹಮನಿಯು (1397-1422) ವಿದ್ವಾಂಸರನ್ನೂ ಕುಶಲಿಗಳನ್ನೂ ಕರೆತರಲು ಪಶ್ಚಿಮ ತೀರದಿಂದ ಹಡಗುಗಳನ್ನು ಕಳುಹಿಸುತ್ತಿದ್ದನು. ಅವನ ತಮ್ಮ ಅಹಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ಸಾಗಿಸಿ ಇನ್ನೂ ಹೆಚ್ಚು ಜನರನ್ನು ಬರಮಾಡಿಕೊಂಡನು. ಇರಾನ್, ಇರಾಕ್, ಮಧ್ಯ ಏಷ್ಯಾ, ಅರೇಬಿಯಾಗಳಿಂದ ವ್ಯಾಪಾರಿಗಳು, ಯೋಧರು, ಕವಿಗಳು, ಸಯ್ಯಿದ್ ಮನೆತನದವರು ಬಂದರು. ಇವರಿಗೆ ‘ಆಫಾಕಿ’ ಎಂಬ ಹೆಸರು ಬಿತ್ತು. ಅರಬಿಯ ‘ಉಫುಕ್’ ಎಂದರೆ ದಿಗಂತ. ‘ಆಫಾಕ್’ ಅದರ ಬಹುವಚನ. ದಿಗಂತಗಳಾಚೆಯಿಂದ ಬಂದವರು ಎಂದು ಅರ್ಥ. ಅವರನ್ನು ‘ಗರೀಬ್’ ಎಂದೂ ಕರೆಯುತ್ತಿದ್ದರು. ನಮ್ಮ ಮಾತಿನಲ್ಲಿ ಆ ಪದಕ್ಕೆ ಬಡವನೆಂಬ ಅರ್ಥವಿದ್ದರೂ ಮೂಲ ಅರಬಿಯಲ್ಲಿ ಅದು ಪರಸ್ಥಳದವನನ್ನು ಸೂಚಿಸುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ವಿಚಾರವಿದೆ. ಆಫ್ರಿಕಾದ ಅಬಿಸೀನಿಯಾದಿಂದ ಬಂದ ಹಬ್ಶಿಗಳೂ ಕಡಲು ದಾಟಿಯೇ ಬಂದವರು. ‘ಹೊರಗಿನವರು’ ಎಂಬುದು ನಿಜವಾಗಿಯೂ ಊರಿನ ಲೆಕ್ಕವಾಗಿದ್ದರೆ ಅವರೂ ಆಫಾಕಿಗಳ ಸಾಲಿನಲ್ಲಿರಬೇಕಿತ್ತು. ಆದರೆ ಅವರನ್ನು ಎಣಿಸಿದ್ದು ದಖ್ಖನಿಗಳ ಜೊತೆಯಲ್ಲಿ. ಅವರಲ್ಲಿ ಬಹಳ ಮಂದಿ ಗುಲಾಮರಾಗಿ ತರಲ್ಪಟ್ಟವರು, ಕಪ್ಪು ಮೈಬಣ್ಣದವರು. ಫಾರಸಿ ಮಾತಿನ ಆಫಾಕಿ ಗಣ್ಯರ ಸಾಲಿನಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಈ ವೈಷಮ್ಯವನ್ನು ಶಿಯಾ-ಸುನ್ನಿ ಭೇದವೆಂದು ವಿವರಿಸುವವರೂ ಇದ್ದಾರೆ. ಆಫಾಕಿಗಳಲ್ಲಿ ಶಿಯಾಗಳು ಅನೇಕರಿದ್ದುದು ನಿಜ. ಆದರೆ ಎಲ್ಲರೂ ಶಿಯಾಗಳಾಗಿರಲಿಲ್ಲ. ಊರು, ಬಣ್ಣ, ಭಾಷೆ, ಪಂಥ ಎಲ್ಲವೂ ನೆಪಗಳಾಗಿ ಒದಗಿದವು. ಮೂಲದಲ್ಲಿದ್ದ ಪ್ರಶ್ನೆ ಒಂದೇ: ಹುದ್ದೆಗಳೂ ಜಾಗೀರುಗಳೂ ಯಾರ ಪಾಲಾಗಬೇಕು?

ಬಲಗಡೆ ಮತ್ತು ಎಡಗಡೆ

ಹುದ್ದೆಗಾಗಿ ಸ್ಪರ್ಧೆ ಎಲ್ಲ ದರ್ಬಾರುಗಳಲ್ಲಿಯೂ ಇರುತ್ತದೆ. ಸ್ಪರ್ಧೆಯು ಸ್ವಭಾವದ ಚರ್ಚೆಯಾಗಿ ಮಾರ್ಪಟ್ಟಾಗ ಅದು ರೋಗವಾಗುತ್ತದೆ. ದಖ್ಖನಿಗಳು ಒರಟರು, ಅಕ್ಷರವಿಲ್ಲದವರು, ಅಸೂಯೆಯುಳ್ಳವರು ಎಂದು ಒಂದು ಕಡೆಯವರು ಹೇಳತೊಡಗಿದರು. ಆಫಾಕಿಗಳು ಹಣಕ್ಕಾಗಿ ಬಂದವರು, ಈ ನೆಲದ ಮೇಲೆ ನಿಷ್ಠೆಯಿಲ್ಲದವರು, ಯಾವ ಕ್ಷಣದಲ್ಲಾದರೂ ಶತ್ರುವಿನ ಕಡೆಗೆ ಹಾರುವವರು ಎಂದು ಇನ್ನೊಂದು ಕಡೆಯವರು ಹೇಳತೊಡಗಿದರು. ಗುಜರಾತಿನ ಸೈನ್ಯದೊಡನೆ ಮಾಹಿಮ್‌ನಲ್ಲಿ ನಡೆದ ಕಾಳಗದಲ್ಲಿ ಸೋಲುಂಟಾದಾಗ ಎರಡೂ ಪಕ್ಷಗಳು ಪರಸ್ಪರರ ಮೇಲೆ ಹೊಣೆ ಹೊರಿಸಿದವು.

ಎರಡನೆಯ ಅಲಾವುದ್ದೀನ್ ಅಹಮದನ ಕಾಲದಲ್ಲಿ (1436-1458) ಖಾನ್‌ದೇಶದ ಮೇಲೆ ದಂಡಯಾತ್ರೆ ನಡೆಯಿತು. ಸೇನಾಪತಿ ಖಲಫ್ ಹಸನ್ ಬಸ್ರಿಯು ತನ್ನೊಡನೆ ಆಫಾಕಿಗಳನ್ನು ಮಾತ್ರ ಕಳುಹಿಸಬೇಕೆಂದು ಕೇಳಿಕೊಂಡನು. ಗೆದ್ದು ಬಂದಾಗ ಸುಲ್ತಾನನು ಹೊಸದೊಂದು ನಿಯಮವನ್ನು ಮಾಡಿದನು: ಇನ್ನು ಮುಂದೆ ದರ್ಬಾರಿನಲ್ಲಿ ಆಫಾಕಿಗಳು ಸಿಂಹಾಸನದ ಬಲಕ್ಕೆ, ದಖ್ಖನಿಗಳೂ ಹಬ್ಶಿಗಳೂ ಎಡಕ್ಕೆ ನಿಲ್ಲಬೇಕು. ಗೆದ್ದವರನ್ನು ಗೌರವಿಸುವುದು ಆತನ ಉದ್ದೇಶವಾಗಿದ್ದಿರಬಹುದು. ಆದರೆ ಅಂದಿನಿಂದ ಒಬ್ಬ ಮನುಷ್ಯನು ತಾನು ಏನು ಮಾಡಿದನೆಂಬುದರಿಂದಲ್ಲ, ತಾನು ಎಲ್ಲಿಯವನೆಂಬುದರಿಂದ ತನ್ನ ಸ್ಥಾನವನ್ನು ಕಂಡುಕೊಳ್ಳಬೇಕಾಯಿತು. ಬಾಯಿಮಾತಾಗಿದ್ದ ಭೇದಕ್ಕೆ ರಾಜಮುದ್ರೆ ಬಿದ್ದಿತು.

ಚಾಕಣದ ಪತ್ರ

ಹದಿನೈದನೆಯ ಶತಮಾನದ ನಡುಭಾಗದಲ್ಲಿ ಇದೇ ಖಲಫ್ ಹಸನನನ್ನು ಕೊಂಕಣದ ನಾಯಕರ ಮೇಲೆ ಕಳುಹಿಸಲಾಯಿತು. ದಟ್ಟ ಕಾಡಿನಲ್ಲಿ ಅವನ ಸೈನ್ಯವು ಮೋಸಕ್ಕೆ ಸಿಕ್ಕಿ ಅವನೂ ಅವನ ಬಹಳಷ್ಟು ಜನರೂ ಹತರಾದರು. ಸೈನ್ಯದಲ್ಲಿದ್ದ ದಖ್ಖನಿಗಳೂ ಹಬ್ಶಿಗಳೂ ಕಾಡನ್ನು ಪ್ರವೇಶಿಸಿರಲಿಲ್ಲ. ಅಳಿದುಳಿದ ಆಫಾಕಿಗಳು ಪುಣೆಯ ಸಮೀಪದ ಚಾಕಣ ಕೋಟೆಗೆ ಹಿಂದಿರುಗಿದರು. ದಖ್ಖನಿಗಳು ಕೈಕೊಟ್ಟದ್ದರಿಂದಲೇ ಸೋತೆವೆಂದು ಸುಲ್ತಾನನಿಗೆ ದೂರು ಕೊಡುವುದಾಗಿ ಅವರು ಆಡಿಕೊಂಡರು. ಅವರ ದೂರು ಬೀದರನ್ನು ತಲುಪುವ ಮೊದಲೇ ದಖ್ಖನಿ ಸರದಾರರ ಪತ್ರ ತಲುಪಿತು. ಆಫಾಕಿಗಳು ಕೊಂಕಣದ ನಾಯಕರೊಡನೆ ಸೇರಿ ರಾಜದ್ರೋಹಕ್ಕೆ ಸಿದ್ಧರಾಗಿದ್ದಾರೆ ಎಂಬುದು ಅದರ ಸಾರಾಂಶ.

ಸುಲ್ತಾನನು ವಿಚಾರಣೆ ಮಾಡಲಿಲ್ಲ. ಶಿಕ್ಷಿಸಲು ಅಪ್ಪಣೆಯಿತ್ತನು. ಕೋಟೆಗೆ ಮುತ್ತಿಗೆ ಬಿದ್ದಿತು. ಮುತ್ತಿಗೆಯಿಂದ ಕೆಲಸವಾಗದಿದ್ದಾಗ ಪ್ರಾಣಭಯವಿಲ್ಲವೆಂದು ಆಣೆಯಿಟ್ಟು ಅವರನ್ನು ಹೊರಗೆ ಕರೆಯಲಾಯಿತು. ಔತಣಕ್ಕೆ ಕೂರಿಸಿ ಕೊಲ್ಲಲಾಯಿತು. ಮಡಿದವರಲ್ಲಿ ಸಾವಿರಕ್ಕೂ ಹೆಚ್ಚು ಸಯ್ಯಿದರಿದ್ದರೆಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ತಪ್ಪಿಸಿಕೊಂಡ ಕೆಲವರು ಬೀದರ್‌ಗೆ ಬಂದು ನಡೆದುದನ್ನು ತಿಳಿಸಿದಾಗ ಸುಲ್ತಾನನು ಪಶ್ಚಾತ್ತಾಪಪಟ್ಟು ಸಂಚುಗಾರರ ಆಸ್ತಿಯನ್ನು ಮುಟ್ಟುಗೋಲು ಹಾಕಿದನು. ಸತ್ತವರು ಎದ್ದು ಬರಲಿಲ್ಲ.

ಆ ಪತ್ರದಲ್ಲಿ ಸಾಕ್ಷ್ಯವೇನೂ ಇರಲಿಲ್ಲ. ಆದರೂ ಅದನ್ನು ನಂಬಲಾಯಿತು. ಆಫಾಕಿಗಳು ನಿಷ್ಠೆಯಿಲ್ಲದವರು ಎಂಬ ಮಾತು ವರ್ಷಗಳಿಂದ ದರ್ಬಾರಿನ ಗಾಳಿಯಲ್ಲಿ ತೇಲಾಡುತ್ತಿತ್ತು. ಪತ್ರವು ಆ ಮಾತಿಗೆ ದಿನಾಂಕವನ್ನೂ ಸ್ಥಳವನ್ನೂ ಸೇರಿಸಿತು, ಅಷ್ಟೆ. ಗೇಲಿಗೂ ಸುದ್ದಿಯ ಪರಿಶೀಲನೆಗೂ ಇರುವ ನಂಟು ಇದೇ. ಗೇಲಿಯು ಮನಸ್ಸನ್ನು ಹದಗೊಳಿಸುತ್ತದೆ; ಹದಗೊಂಡ ಮನಸ್ಸಿಗೆ ಪುರಾವೆ ಬೇಕೆನಿಸುವುದಿಲ್ಲ.

ಕೊಂಡಪಲ್ಲಿಯ ಪತ್ರ

ಈ ಹತ್ಯಾಕಾಂಡದ ಕೆಲವೇ ವರ್ಷಗಳ ಅಂತರದಲ್ಲಿ, ಇರಾನಿನ ಗೀಲಾನ್ ಪ್ರಾಂತದ ಒಬ್ಬ ವ್ಯಾಪಾರಿ ದಾಭೋಳ್ ಬಂದರಿಗೆ ಬಂದಿಳಿದು ಬೀದರ್ ಸೇರಿದರು. ಅವರೇ ಖ್ವಾಜಾ ಮಹಮೂದ್ ಗವಾನ್. ಸುಲ್ತಾನ ಹುಮಾಯೂನನ ಮರಣಾನಂತರ ಅವನ ಎಳೆಯ ಮಕ್ಕಳು ಒಬ್ಬರಾದ ಮೇಲೊಬ್ಬರು ಪಟ್ಟವೇರಿದಾಗ, ರಾಜಮಾತೆಯೊಂದಿಗೆ ರಾಜ್ಯಭಾರವನ್ನು ಹೊತ್ತವರಲ್ಲಿ ಅವರೂ ಒಬ್ಬರು. ಮುಂದೆ ಪ್ರಧಾನ ವಜೀರರಾದರು. 1472ರಲ್ಲಿ ಗೋವೆಯನ್ನು ಗೆದ್ದರು. ಅದೇ ವರ್ಷ ಬೀದರ್‌ನಲ್ಲಿ ಅವರ ಮದ್ರಸದ ಕಟ್ಟಡ ಪೂರ್ಣಗೊಂಡಿತು. ಬಣ್ಣದ ಹೆಂಚುಗಳ ಮೇಲೆ ಕುರ್‌ಆನಿನ ಅಕ್ಷರಗಳನ್ನು ಹೊತ್ತ ಆ ಮೂರಂತಸ್ತಿನ ಕಟ್ಟಡದ ಎರಡು ಮಿನಾರುಗಳಲ್ಲಿ ಒಂದು ಇಂದಿಗೂ ನಿಂತಿದೆ.

ಗವಾನರು ಆಫಾಕಿಯಾಗಿದ್ದರೂ ಆಫಾಕಿಗಳ ಪಕ್ಷವನ್ನು ಕಟ್ಟಲಿಲ್ಲ. ವಿಸ್ತಾರವಾಗಿದ್ದ ನಾಲ್ಕು ತರಫ್‌ಗಳನ್ನು ಎಂಟಾಗಿ ವಿಭಜಿಸಿದರು. ಪ್ರತಿಯೊಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆಯನ್ನು ಉಳಿಸಿ ಮಿಕ್ಕವನ್ನು ನೇರವಾಗಿ ಸುಲ್ತಾನನ ಅಧೀನಕ್ಕೆ ತಂದರು. ಭೂಮಿಯ ಅಳತೆ ಮಾಡಿಸಿದರು. ಪ್ರಾಂತಗಳನ್ನು ಹಂಚುವಾಗ ಯಾವ ಗುಂಪನ್ನೂ ಹೊರಗಿಡಲಿಲ್ಲ. ದೌಲತಾಬಾದ್ ಆಫಾಕಿಯಾದ ಯೂಸುಫ್ ಆದಿಲನಿಗೆ, ಕಲಬುರಗಿ ಹಬ್ಶಿಯಾದ ದಸ್ತೂರ್ ದೀನಾರನಿಗೆ, ಗಾವಿಲ್ ದಖ್ಖನಿಯಾದ ಫತ್ಹುಲ್ಲಾ ಇಮಾದುಲ್ ಮುಲ್ಕನಿಗೆ, ರಾಜಮಹೇಂದ್ರಿ ದಖ್ಖನಿಗಳ ಮುಖಂಡನಾಗಿದ್ದ ಮಲಿಕ್ ಹಸನನಿಗೆ ದೊರೆತವು. ಫತ್ಹುಲ್ಲಾ ಮತ್ತು ಮಲಿಕ್ ಹಸನ್ ಇಬ್ಬರೂ ಬ್ರಾಹ್ಮಣ ಕುಟುಂಬಗಳಲ್ಲಿ ಹುಟ್ಟಿ ಇಸ್ಲಾಮಿಗೆ ಬಂದವರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಅಧಿಕಾರ ಮೊಟಕುಗೊಂಡವರಿಗೆ ಈ ಸುಧಾರಣೆ ರುಚಿಸಲಿಲ್ಲ. ಇಡೀ ತೆಲಂಗಾಣವನ್ನು ನಿರೀಕ್ಷಿಸಿದ್ದ ಮಲಿಕ್ ಹಸನನಿಗೆ ಅದರ ಒಂದು ಭಾಗ ಮಾತ್ರ ಸಿಕ್ಕಿತ್ತು. ಅವನ ಕಡೆಯವರು ಗವಾನರ ಮುದ್ರೆಯನ್ನು ಕಾಯುತ್ತಿದ್ದ ಗುಲಾಮನನ್ನು ಒಲಿಸಿಕೊಂಡು ಬರಿಯ ಕಾಗದದ ಮೇಲೆ ಮುದ್ರೆಯೊತ್ತಿಸಿದರು. ಒರಿಸ್ಸಾದ ಗಜಪತಿ ರಾಜನನ್ನು ದಂಡೆತ್ತಿ ಬರುವಂತೆ ಆಹ್ವಾನಿಸುವ ಒಕ್ಕಣೆಯನ್ನು ಅದರ ಮೇಲೆ ಬರೆದರು. ಸುಲ್ತಾನ ಮೂರನೆಯ ಮುಹಮ್ಮದನು ಕೊಂಡಪಲ್ಲಿಯ ಬೀಡಿನಲ್ಲಿ ಮದ್ಯದ ಅಮಲಿನಲ್ಲಿದ್ದಾಗ ಅದನ್ನು ಮುಂದಿಟ್ಟರು. ಗವಾನರನ್ನು ಕರೆಸಿದ ಸುಲ್ತಾನನು, ಒಡೆಯನಿಗೆ ದ್ರೋಹ ಬಗೆದವನಿಗೆ ಏನು ಶಿಕ್ಷೆಯೆಂದು ಕೇಳಿದನು. ಖಡ್ಗವೇ ಎಂದು ಅವರು ಉತ್ತರಿಸಿದರು. ಪತ್ರವನ್ನು ತೋರಿಸಿದಾಗ, ಮುದ್ರೆ ತನ್ನದು, ಬರಹ ತನ್ನದಲ್ಲ ಎಂದರು. ಆ ಮಾತನ್ನು ಪರೀಕ್ಷಿಸಲು ಒಂದು ಗಳಿಗೆ ಸಾಕಿತ್ತು. ಆ ಒಂದು ಗಳಿಗೆಯನ್ನು ಸುಲ್ತಾನನು ಕೊಡಲಿಲ್ಲ. 1481ರ ಏಪ್ರಿಲ್ 5ರಂದು, ಎಪ್ಪತ್ತರ ಆಸುಪಾಸಿನಲ್ಲಿದ್ದ ಆ ವೃದ್ಧರ ತಲೆ ಉರುಳಿತು. ಬಾಲ್ಯದಿಂದ ತನ್ನ ರಾಜ್ಯವನ್ನು ಕಾಪಾಡಿಕೊಟ್ಟವರನ್ನೇ ಆ ದೊರೆ ಕಳೆದುಕೊಂಡಿದ್ದನು. ಅವರ ಮನೆಯಲ್ಲಿ ಅಪಾರ ನಿಧಿ ಸಿಗಬಹುದೆಂದು ಹುಡುಕಿದವರಿಗೆ ಸಿಕ್ಕಿದ್ದು ಅತ್ಯಲ್ಪ. ಅವರ ಸಂಪಾದನೆ ಸೈನ್ಯಕ್ಕೂ ಬಡವರಿಗೂ ವೆಚ್ಚವಾಗಿ ಹೋಗಿತ್ತು. ಮರುವರ್ಷ ಸುಲ್ತಾನನೂ ತೀರಿಕೊಂಡನು.

ಗವಾನರ ಕೊಲೆಯ ಸುದ್ದಿ ಹಬ್ಬಿದಾಗ ಸುಲ್ತಾನನ ಬೀಡಿನಿಂದ ತಮ್ಮ ಡೇರೆಗಳನ್ನು ಕಿತ್ತು ದೂರ ಹೋದವರಲ್ಲಿ ಫತ್ಹುಲ್ಲಾ ಇಮಾದುಲ್ ಮುಲ್ಕ್ ಮತ್ತು ಖುದಾವಂದ್ ಖಾನ್ ಹಬ್ಶಿ ಇದ್ದರೆಂದು ಫಿರಿಶ್ತಾ ದಾಖಲಿಸುತ್ತಾನೆ. ಅವರಲ್ಲಿ ಒಬ್ಬನು ದಖ್ಖನಿ, ಇನ್ನೊಬ್ಬನು ಹಬ್ಶಿ. ಅಂಥ ನಿರಪರಾಧಿಗೇ ಈ ಗತಿಯಾದರೆ ತಮಗೆ ಯಾವ ಭರವಸೆ ಎಂಬುದು ಅವರ ಪ್ರಶ್ನೆಯಾಗಿತ್ತು. ‘ದಖ್ಖನಿಗಳು ಗವಾನರನ್ನು ಕೊಂದರು’ ಎಂದು ಇಂದು ಸಲೀಸಾಗಿ ಹೇಳುವವರು ಈ ಇಬ್ಬರನ್ನು ಮರೆಯುತ್ತಾರೆ. ಸಂಚು ಹೂಡಿದವರು ಕೆಲವರು. ಹೆಸರು ಕೆಟ್ಟದ್ದು ಒಂದು ಜನಸಮುದಾಯದ್ದು.

ಲೇಖನಿ ಯಾರ ಕೈಯಲ್ಲಿತ್ತು?

ಈ ಇತಿಹಾಸವನ್ನು ನಾವು ತಿಳಿಯುವುದು ಮುಖ್ಯವಾಗಿ ಎರಡು ಫಾರಸಿ ಗ್ರಂಥಗಳಿಂದ. ಒಂದು ಬಿಜಾಪುರದಲ್ಲಿ ಫಿರಿಶ್ತಾ ಬರೆದದ್ದು, ಇನ್ನೊಂದು ಅಹಮದ್‌ನಗರದಲ್ಲಿ ಸಯ್ಯಿದ್ ಅಲಿ ತಬಾತಬಾ ಬರೆದ ‘ಬುರ್ಹಾನೆ ಮಆಸಿರ್’. ಇಬ್ಬರೂ ಈ ಘಟನೆಗಳಾಗಿ ನೂರು ವರ್ಷಗಳಿಗೂ ಮೇಲ್ಪಟ್ಟು ಕಳೆದ ಮೇಲೆ ಬರೆದವರು. ಇಬ್ಬರೂ ಇರಾನಿನಿಂದ ಬಂದ ಆಫಾಕಿಗಳು. ಫಿರಿಶ್ತಾ ಅಹಮದ್‌ನಗರದಲ್ಲಿ ಹೊರಗಿನವರ ಮೇಲೆ ನಡೆದ ಹಿಂಸೆಯ ಕಾಲದಲ್ಲಿ ಬದುಕಿ, ಬಳಿಕ ಬಿಜಾಪುರಕ್ಕೆ ಬಂದವನು. ಹೀಗಾಗಿ ಅವರ ಬರಹದಲ್ಲಿ ದಖ್ಖನಿಯ ಅಸೂಯೆ ಎದ್ದು ಕಾಣುತ್ತದೆ, ಆಫಾಕಿಯ ಅಹಂಕಾರ ಅಷ್ಟಾಗಿ ಕಾಣುವುದಿಲ್ಲ. ಚಾಕಣದ ಕಾಡಿನಂಚಿನಲ್ಲಿ ನಿಂತುಬಿಟ್ಟ ದಖ್ಖನಿ ಸೈನಿಕನಿಗೆ ಏನು ಹೇಳುವುದಿತ್ತೋ ಅದನ್ನು ಬರೆದಿಟ್ಟವರಿಲ್ಲ. ಫಿರಿಶ್ತಾ ಸುಳ್ಳು ಹೇಳಿದನೆಂದು ಇದರ ಅರ್ಥವಲ್ಲ. ಒಂದು ಪ್ರದೇಶದವರ ಸ್ವಭಾವದ ಬಗ್ಗೆ ‘ಇತಿಹಾಸವೇ ಹೇಳುತ್ತದೆ’ ಎಂದು ವಾದಿಸುವ ಮೊದಲು, ಆ ಇತಿಹಾಸವನ್ನು ಬರೆದ ಕೈ ಯಾವುದೆಂದು ಕೇಳಬೇಕು. ಹದೀಸ್ ವಿದ್ವಾಂಸರು ಪ್ರತಿಯೊಂದು ವರದಿಯ ಜೊತೆಗೆ ವರದಿಗಾರನನ್ನೂ ತೂಗಿ ನೋಡಿದ ಸಮುದಾಯ ನಮ್ಮದು. ಜನರ ಬಗ್ಗೆ ಕೇಳಿಬರುವ ಮಾತಿಗೂ ಆ ತಕ್ಕಡಿಯನ್ನು ಬಳಸಲು ನಮಗೇನು ಅಡ್ಡಿ?

ಗವಾನರ ನಂತರ ಎರಡೂ ಕಡೆಯವರ ಸೇಡು ಬಹಿರಂಗವಾಯಿತು. ಮಹಮೂದ್ ಷಾನ ಆಳ್ವಿಕೆಯ ಆರಂಭದಲ್ಲಿ ಬೀದರ್‌ನಲ್ಲಿ ತುರ್ಕಿಗಳ ಹತ್ಯೆ ನಡೆಯಿತು. ಮಲಿಕ್ ಹಸನನೂ ಕೊಲೆಯಾದನು. 1487ರಲ್ಲಿ ದಖ್ಖನಿಗಳು ಅರಮನೆಯೊಳಗೇ ಸುಲ್ತಾನನ ಮೇಲೆ ಎರಗಿದರು. ಆಫಾಕಿಗಳು ಅವನನ್ನು ಉಳಿಸಿದರು. ಆಮೇಲೆ ದಖ್ಖನಿಗಳ ಹತ್ಯೆ ನಡೆಯಿತು. 1490ರಿಂದ ಮುಂದೆ ಬಿಜಾಪುರ, ಅಹಮದ್‌ನಗರ, ಬೇರಾರ್, ಗೋಲ್ಕೊಂಡ, ಬೀದರ್ ಎಂದು ರಾಜ್ಯವು ಐದು ಹೋಳಾಯಿತು. ರೋಗ ಅಲ್ಲಿಗೂ ಹಿಂಬಾಲಿಸಿತು. ಬಿಜಾಪುರದಲ್ಲಿ ಇಸ್ಮಾಯಿಲ್ ಆದಿಲ್ ಷಾ ದಖ್ಖನಿಗಳನ್ನು ದೂರವಿಟ್ಟನು. ಅವನ ಮಗ ಮೊದಲನೆಯ ಇಬ್ರಾಹೀಮನು ಆಫಾಕಿಗಳಲ್ಲಿ ಬಹುಮಂದಿಯನ್ನು ಕೆಲಸದಿಂದ ತೆಗೆದನು. ಮೊಮ್ಮಗ ಅಲಿಯು ಅವರನ್ನು ಮರಳಿ ಕರೆಸಿದನು.

ಇಷ್ಟೆಲ್ಲ ರಕ್ತ ಹರಿದ ಆ ಭೇದ ಎಷ್ಟು ಕಾಲ ಬಾಳಿತು? ಗೋಲ್ಕೊಂಡದ ಸ್ಥಾಪಕ ಸುಲ್ತಾನ್ ಕುಲಿ ಇರಾನಿನ ಹಮದಾನ್ ಕಡೆಯಿಂದ ಬಂದ ಆಫಾಕಿ. ಅವನ ಮೊಮ್ಮಗ ಮುಹಮ್ಮದ್ ಕುಲಿ ಕುತುಬ್ ಷಾ ದಖ್ಖನಿ ಭಾಷೆಯ ಹೆಸರಾಂತ ಕವಿ. ಆಫಾಕಿ ಯೂಸುಫ್ ಆದಿಲನ ವಂಶದ ಎರಡನೆಯ ಇಬ್ರಾಹೀಮ್ ಆದಿಲ್ ಷಾ ‘ಕಿತಾಬೆ ನವ್‌ರಸ್’ ರಚಿಸಿದ್ದೂ ದಖ್ಖನಿಯಲ್ಲೇ. ಅಜ್ಜನನ್ನು ಪರದೇಶಿ ಎಂದ ನೆಲ ಮೊಮ್ಮಗನನ್ನು ಮಡಿಲಿಗೆ ಹಾಕಿಕೊಂಡಿತು. ದೌಲತಾಬಾದಿಗೆ ಬಂದ ದೆಹಲಿಯವರ ವಿಷಯದಲ್ಲಿಯೂ ಹೀಗೆಯೇ ಆಗಿತ್ತು. ‘ಒಳಗಿನವನು’, ‘ಹೊರಗಿನವನು’ ಎಂಬುದು ಎರಡು ಮೂರು ತಲೆಮಾರುಗಳ ಮಾತು.

ಬಾವಿಯ ಬಳಿ

ಇದೇ ಬಗೆಯ ಪರೀಕ್ಷೆಯು ಮೊದಲ ಪೀಳಿಗೆಯ ಮುಂದೆಯೂ ಬಂದಿತ್ತು. ಮದೀನಾದ ಅನ್ಸಾರರು ನೆಲದವರು, ಮಕ್ಕಾದ ಮುಹಾಜಿರರು ಬಂದವರು. ಬನೂ ಮುಸ್ತಲಿಕ್ ಯುದ್ಧಯಾತ್ರೆಯಲ್ಲಿ ನೀರಿನ ಬಳಿ ಒಬ್ಬ ಮುಹಾಜಿರನಿಗೂ ಒಬ್ಬ ಅನ್ಸಾರಿಗೂ ಜಗಳ ಹತ್ತಿತು. ಒಬ್ಬನು ಅನ್ಸಾರರನ್ನು ಕೂಗಿ ಕರೆದನು, ಇನ್ನೊಬ್ಬನು ಮುಹಾಜಿರರನ್ನು ಕರೆದನು. ಇದನ್ನು ಕೇಳಿದ ಪ್ರವಾದಿ(ಸ)ರವರು ಆ ಕೂಗನ್ನು ಅಜ್ಞಾನಕಾಲದ ಕೂಗೆಂದೂ ದುರ್ನಾತದ ವಸ್ತುವೆಂದೂ ಕರೆದು ಬಿಟ್ಟುಬಿಡಲು ಹೇಳಿದರೆಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ.

ಅನ್ಸಾರ್ ಮತ್ತು ಮುಹಾಜಿರ್ ಎಂಬ ಹೆಸರುಗಳು ಕುರ್‌ಆನ್ ಗೌರವದಿಂದ ಬಳಸಿದ ಹೆಸರುಗಳು. ಪ್ರವಾದಿ(ಸ)ರವರು ದುರ್ನಾತವೆಂದದ್ದು ಆ ಹೆಸರುಗಳನ್ನಲ್ಲ, ಹೆಸರನ್ನು ರಣಕೂಗಾಗಿ ಮಾಡಿಕೊಂಡದ್ದನ್ನು. ತನ್ನ ಊರನ್ನು ಪ್ರೀತಿಸುವುದು ತಪ್ಪಲ್ಲ. ಹಿಜ್ರಾದ ಸಂದರ್ಭದಲ್ಲಿ ಮಕ್ಕಾವನ್ನು ಅಗಲುವಾಗ ಪ್ರವಾದಿ(ಸ)ರವರೂ ನೊಂದರು. ಊರು ಗುರುತಿಗಿರಬೇಕು, ತೀರ್ಪಿಗಲ್ಲ.

ಆ ಜಗಳದ ಲಾಭ ಪಡೆಯಲು ಕಪಟವಿಶ್ವಾಸಿ ಅಬ್ದುಲ್ಲಾ ಬಿನ್ ಉಬಯ್ಯ್ ಕಾದಿದ್ದನು. ಬಂದವರನ್ನು ಮದೀನಾದಿಂದ ಹೊರದೂಡುವ ಮಾತನ್ನಾಡಿದನು. ಆಗ ಪ್ರವಾದಿ(ಸ)ರವರು ರೂಢಿಯಲ್ಲದ ಹೊತ್ತಿನಲ್ಲಿ ಪಯಣ ಹೊರಡಿಸಿ, ಜನರು ದಣಿದು ನಿದ್ರಿಸುವವರೆಗೆ ನಡೆಸಿದರೆಂದು ಸೀರಾ ಗ್ರಂಥಗಳು ತಿಳಿಸುತ್ತವೆ. ಆ ಮಾತು ಬಾಯಿಂದ ಬಾಯಿಗೆ ಬೆಳೆಯಲು ಬಿಡುವೇ ಸಿಗಲಿಲ್ಲ. ಬೀದರ್‌ನ ಸುಲ್ತಾನನು ಪಂಗಡಗಳನ್ನು ಬಲಕ್ಕೂ ಎಡಕ್ಕೂ ನಿಲ್ಲಿಸಿದನು. ಪ್ರವಾದಿ(ಸ)ರವರು ಅವರನ್ನು ಒಂದೇ ದಾರಿಯಲ್ಲಿ ಒಟ್ಟಿಗೆ ನಡೆಸಿದರು.

ನಮ್ಮ ಮನೆಗಳಲ್ಲಿ

ಪ್ರಿಯ ಓದುಗರೇ, ಕರ್ನಾಟಕದ ಮುಸ್ಲಿಮರಲ್ಲಿ ಬ್ಯಾರಿ ಮಾತಾಡುವವರಿದ್ದಾರೆ, ನವಾಯತಿ ಮಾತಾಡುವವರಿದ್ದಾರೆ, ದಖ್ಖನಿ ಉರ್ದುವಿನವರಿದ್ದಾರೆ, ಮನೆಯಲ್ಲಿಯೂ ಕನ್ನಡವನ್ನೇ ಆಡುವ ನದಾಫರಿದ್ದಾರೆ. ಕರಾವಳಿಯವರ ಬಗ್ಗೆ ಒಳನಾಡಿನಲ್ಲಿ ಒಂದು ಮಾತು, ಕಲಬುರಗಿ-ಬೀದರ್ ಕಡೆಯವರ ಬಗ್ಗೆ ದಕ್ಷಿಣದಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ. ಹುಡುಗನ ಗುಣ, ವಿದ್ಯೆ, ನಮಾಝ್ ಎಲ್ಲವೂ ಒಪ್ಪಿಗೆಯಾದ ಮೇಲೆ ‘ಆ ಕಡೆಯವರು ನಮಗೆ ಹೊಂದುವುದಿಲ್ಲ’ ಎಂಬ ಒಂದು ವಾಕ್ಯದಿಂದ ಸಂಬಂಧಗಳು ಮುರಿಯುತ್ತವೆ. ದಖ್ಖನಿ ಉರ್ದುವನ್ನು ನಗೆಚಾಟಿಕೆಯ ವಸ್ತುವಾಗಿಸಿಕೊಂಡವರಿಗೆ, ಆ ಭಾಷೆಯಲ್ಲಿ ಸುಲ್ತಾನರು ಕಾವ್ಯ ಬರೆದರೆಂಬುದು ನೆನಪಾಗುವುದಿಲ್ಲ. ಬಿಹಾರ, ಉತ್ತರ ಪ್ರದೇಶಗಳಿಂದ ಬಂದು ನಮ್ಮ ಮಸೀದಿಗಳಲ್ಲಿ ಇಮಾಮರಾಗಿರುವವರ ಹಿಂದೆ ಐದು ಹೊತ್ತು ನಿಂತು, ಹೊರಗೆ ಬಂದು ಅವರ ಊರಿನ ಹೆಸರು ಹಿಡಿದು ನಗುವವರೂ ನಮ್ಮಲ್ಲಿದ್ದಾರೆ. ಮಸೀದಿಯ ಲೆಕ್ಕದಲ್ಲಿ ಏನಾದರೂ ವ್ಯತ್ಯಾಸ ಬಂದಾಗ ಮೊದಲ ಸಂಶಯ ಯಾರ ಮೇಲೆ ಹೋಗುತ್ತದೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ನಮ್ಮನ್ನು ಇತರರು ಒಂದೇ ಹಣೆಪಟ್ಟಿಯ ಕೆಳಗೆ ತಂದು ಸಂಶಯಿಸಿದಾಗ ನೋಯುವ ನಾವು, ನಮ್ಮೊಳಗಿನ ಸಹೋದರನಿಗೆ ಅದೇ ಅಳತೆಗೋಲನ್ನು ಹಿಡಿಯುವುದು ಎಷ್ಟು ಸರಿ?

ಮಕ್ಕಳು ಈ ಮಾತುಗಳನ್ನು ಕಲಿಯುವುದು ಊಟದ ಹೊತ್ತಿನಲ್ಲಿ, ಹಿರಿಯರ ಹರಟೆಯಲ್ಲಿ. ಯಾರಾದರೂ ‘ಆ ಊರಿನವರೇ ಹಾಗೆ’ ಎಂದಾಗ, ‘ಯಾರು? ಎಷ್ಟು ಜನ? ನೀವು ಕಂಡಿರಾ?’ ಎಂದು ಮೆಲ್ಲಗೆ ಕೇಳುವ ಒಬ್ಬ ಹಿರಿಯರು ಮನೆಯಲ್ಲಿದ್ದರೆ ಸಾಕು. ಕೊಂಡಪಲ್ಲಿಯ ಬೀಡಿನಲ್ಲಿ ಆ ದಿನ ಅಂಥ ಒಂದು ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ.

ಕೇಳಿದ್ದನ್ನು ಪರಿಶೀಲಿಸುವ ತಾಳ್ಮೆಯನ್ನೂ, ಮನುಷ್ಯನನ್ನು ಅವನ ಕರ್ಮದಿಂದ ಅಳೆಯುವ ನ್ಯಾಯಬುದ್ಧಿಯನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.